ಒಂದೂವರೆ ಗಂಟೆ ಅಂದ್ರೆ 1.30 ಅಲ್ಲ

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ನಾನು ಟೈಮ್ ಆಫೀಸ್ ಕೆಲಸ ನೋಡುತ್ತಿದ್ದೆ. ಒಮ್ಮೆ ಸಂಬಳದ ಮರುದಿನ ಲೇತ್ ಆಪರೇಟರ್ ಒಬ್ಬರು ಪುಟ್ಟ ಡೈರಿ ಹಿಡಿದು ಬಂದರು. "ಮೇಡಂ, ನನ್ನ ಲೆಕ್ಕಕ್ಕೆ 30 ಗಂಟೆ ಓಟಿ (ಓವರ್‌ಟೈಮ್) ಬರುತ್ತೆ. ಸ್ಲಿಪ್‌ನಲ್ಲಿ 26 ಅಂತಿದೆ. ಸ್ವಲ್ಪ ನೋಡ್ತೀರಾ?"

ಅವರ ಪಂಚಿಂಗ್ ಕಾರ್ಡ್ ತೆಗೆದು ಮೊದಲಿಂದ ಕೂಡಿದೆ. ಬೆಳಗ್ಗೆ 8.30ಕ್ಕೆ ಒಳಗೆ, ಸಂಜೆ 6.30ಕ್ಕೆ ಹೊರಗೆ. ಹತ್ತು ಗಂಟೆ. ಊಟದ ಅರ್ಧ ಗಂಟೆ ಕಳೆದರೆ ಒಂಬತ್ತೂವರೆ. ನಮ್ಮ ಶಿಫ್ಟ್ ಎಂಟು ಗಂಟೆ, ಹಾಗಾಗಿ ಒಂದೂವರೆ ಗಂಟೆ ಓಟಿ. ಅದನ್ನು ನಾನು ರಿಜಿಸ್ಟರ್‌ನಲ್ಲಿ 1.30 ಅಂತ ಬರೆದಿದ್ದೆ. 20 ದಿನದ್ದನ್ನು ಕ್ಯಾಲ್ಕುಲೇಟರ್‌ನಲ್ಲಿ ಕೂಡಿದರೆ 26 ಬಂತು. ತಪ್ಪು ಅಲ್ಲೇ ಇತ್ತು. ಗಂಟೆಗೆ 60 ನಿಮಿಷ, ಕ್ಯಾಲ್ಕುಲೇಟರ್‌ಗೆ ಮಾತ್ರ ನೂರರ ಲೆಕ್ಕ. ಅರ್ಧ ಗಂಟೆಯನ್ನು .5 ಅಂತಲೇ ಬರೆಯಬೇಕು.

ಅವರ ತಿಂಗಳ ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 15,600 ರೂಪಾಯಿ. ತಿಂಗಳ ಕೆಲಸದ ದಿನ 26, ಅದರಿಂದ ಭಾಗಿಸಿದರೆ ದಿನಕ್ಕೆ 600, ಗಂಟೆಗೆ 75. ಆಗ ನಮಗೆ ಅನ್ವಯಿಸುತ್ತಿದ್ದ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಓಟಿಗೆ ಎರಡು ಪಟ್ಟು, ಅಂದರೆ 150. ನಾಲ್ಕು ಗಂಟೆಗೆ 600 ರೂಪಾಯಿ. ಒಂದು ದಿನದ ದುಡಿಮೆಯೇ ಹೋಗಿತ್ತು ಅಲ್ವಾ? ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. ಅಲ್ಲೂ ಹುಷಾರಾಗಿರಬೇಕು. 30 ಗಂಟೆಯ ಮೊತ್ತ ಸುಮ್ನೆ 6:00 ಅಂತ ಕಾಣುತ್ತದೆ, ಯಾಕೆಂದರೆ 24 ದಾಟಿದ ಮೇಲೆ ಗಡಿಯಾರದ ಹಾಗೆ ಮತ್ತೆ ಸೊನ್ನೆಯಿಂದ ಶುರು. ಫಾರ್ಮ್ಯಾಟ್‌ನಲ್ಲಿ ಗಂಟೆಯ ಅಕ್ಷರ h ಅನ್ನು [h]:mm ಅಂತ ಚೌಕ ಬ್ರಾಕೆಟ್ ಒಳಗೆ ಹಾಕಿದರೆ ಪೂರ್ತಿ 30 ತೋರಿಸುತ್ತದೆ. ದುಡ್ಡಿನ ಲೆಕ್ಕಕ್ಕೆ ಮೊದಲು ಆ ಸಮಯವನ್ನು 24ರಿಂದ ಗುಣಿಸಬೇಕು. ಎಕ್ಸೆಲ್‌ಗೆ ಒಂದು ದಿನ ಅಂದರೆ 1, ಗಂಟೆ ಅದರ ಒಂದು ಚೂರು.

ರಾತ್ರಿ ಪಾಳಿಯಲ್ಲಿ 10ಕ್ಕೆ ಬಂದು ಬೆಳಗ್ಗೆ 6.30ಕ್ಕೆ ಹೋಗುತ್ತಾರೆ. ಹೋದ ಸಮಯಕ್ಕೆ 1, ಅಂದರೆ ಒಂದು ದಿನ, ಕೂಡಿಸಿ ಅದರಿಂದ ಬಂದ ಸಮಯ ಕಳೆಯುತ್ತಿದ್ದೆ. ನಡುರಾತ್ರಿ ನಂತರದ ಗಂಟೆಗಳೂ ಹಿಂದಿನ ದಿನಕ್ಕೇ ಸೇರುತ್ತವೆ.

ಹಳೇ ರಿಜಿಸ್ಟರ್ ತೆಗೆದು ಉಳಿದವರದ್ದನ್ನೂ ನೋಡಿದೆ. ಕಡಿಮೆ ಬಿದ್ದವರಿಗೆಲ್ಲ ಮುಂದಿನ ಸಂಬಳದಲ್ಲಿ ಬಾಕಿ ಸೇರಿಸಿದೆವು. ಅಂದಿನಿಂದ ಸ್ಲಿಪ್ ಕೊಡುವ ಎರಡು ದಿನ ಮುಂಚೆ ಓಟಿ ಪಟ್ಟಿಯನ್ನು ನೋಟಿಸ್ ಬೋರ್ಡ್‌ಗೆ ಹಾಕುತ್ತಿದ್ದೆ. ಡೈರಿ ಇಟ್ಟವರು ಅಲ್ಲೇ ನಿಂತು ತಾಳೆ ನೋಡುತ್ತಿದ್ದರು.