ಬಣ್ಣದ ನೆಗೆಟಿವ್‌ಗಳನ್ನು ಪಾಸಿಟಿವ್ ಮಾಡುವ ತಂತ್ರಾಂಶಗಳನ್ನು ಹೋಲಿಸುವ ಬಗೆ

ಸ್ಕ್ಯಾನ್ ಮಾಡಿದ ಬಣ್ಣದ ನೆಗೆಟಿವನ್ನು ಫೋಟೋ ತಿದ್ದುವ ಯಾವುದಾದರೂ ತಂತ್ರಾಂಶದಲ್ಲಿ ತೆರೆದು ಬಣ್ಣಗಳನ್ನು ಸುಮ್ಮನೆ ತಿರುಗಿಸಿದರೆ, ನೀಲಿ ಕವಿದ ಸಪ್ಪೆ ಚಿತ್ರವೊಂದು ಸಿಗುತ್ತದೆ. ನೀಲಿಗೆ ಕಾರಣ ಫಿಲ್ಮಿನ ಕಿತ್ತಳೆ ಬಣ್ಣದ ತಳ. ಸಪ್ಪೆತನಕ್ಕೆ ಕಾರಣ, ಕಾಂಟ್ರಾಸ್ಟ್ ಹೆಚ್ಚಿರುವ ಕಾಗದದ ಮೇಲೆ ಮುದ್ರಿಸುವುದಕ್ಕೆಂದೇ ನೆಗೆಟಿವನ್ನು ಕಡಿಮೆ ಕಾಂಟ್ರಾಸ್ಟಿನಲ್ಲಿ ರೂಪಿಸಿರುವುದು. ಕೊಡಾಕ್ 1972ರಲ್ಲಿ ತಂದ, ಬಣ್ಣದ ನೆಗೆಟಿವನ್ನು ರಾಸಾಯನಿಕಗಳಲ್ಲಿ ತೊಳೆಯುವ ಸಿ-41 ಎಂಬ ಸಂಸ್ಕರಣೆಯ ಫಿಲ್ಮುಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ ಇವೆ. ಆದ್ದರಿಂದ ಪರಿವರ್ತನೆ ಮಾಡುವ ತಂತ್ರಾಂಶವು ತಳದ ಬಣ್ಣವನ್ನು ತೆಗೆಯಬೇಕು, ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಕಾಂಟ್ರಾಸ್ಟನ್ನು ಒಂದಕ್ಕೊಂದು ಹೊಂದಿಸಬೇಕು, ಕೊನೆಗೆ ಮುದ್ರಣದ ಕಾಗದ ಮಾಡುತ್ತಿದ್ದ ಕೆಲಸವನ್ನೂ ಮಾಡಬೇಕು. ತಂತ್ರಾಂಶಗಳ ನಡುವಿನ ವ್ಯತ್ಯಾಸವೆಲ್ಲ ಈ ಮೂರನ್ನು ಅವು ಹೇಗೆ ಮಾಡುತ್ತವೆ, ಯಾವುದನ್ನು ನಮ್ಮ ಕೈಗೆ ಬಿಡುತ್ತವೆ ಎಂಬುದರಲ್ಲಿದೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಎಲ್ಲ ತಂತ್ರಾಂಶಗಳಿಗೂ ಒಂದೇ ಕಡತವನ್ನು ಕೊಡಬೇಕು. ಸ್ಕ್ಯಾನರ್ ಬಳಸುವವರು ಸ್ವಯಂಚಾಲಿತ ಬಣ್ಣ ತಿದ್ದುಪಡಿಯನ್ನು ಪೂರ್ತಿ ನಿಲ್ಲಿಸಿ, 16 ಬಿಟ್‌ನ ಲೀನಿಯರ್, ಅಂದರೆ ಬೆಳಕಿನ ಪ್ರಮಾಣವನ್ನು ತಿದ್ದದೆ ಇದ್ದಂತೆಯೇ ದಾಖಲಿಸಿದ, ಟಿಫ್ ಅಥವಾ ಡಿಎನ್‌ಜಿ ಕಡತ ಪಡೆಯಲಿ. ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವವರು, ಅಂದರೆ ನೆಗೆಟಿವಿನ ಫೋಟೋ ತೆಗೆಯುವವರು, ಕ್ಯಾಮೆರಾ ಸಂಸ್ಕರಿಸದೆ ಕೊಡುವ ರಾ ಕಡತವನ್ನೇ ಇಟ್ಟುಕೊಳ್ಳಲಿ. ಜೆಪೆಗ್ ಈ ಕೆಲಸಕ್ಕೆ ಬೇಡ, ಏಕೆಂದರೆ ನೆಗೆಟಿವಿನ ಕಿರಿದಾದ ವ್ಯಾಪ್ತಿಯನ್ನು ಹಿಗ್ಗಿಸಿದಾಗ 8 ಬಿಟ್‌ನ ಮೆಟ್ಟಿಲುಗಳು ಆಕಾಶದಲ್ಲಿ ಎದ್ದು ಕಾಣುತ್ತವೆ. ಕ್ಯಾಮೆರಾದ ಎಕ್ಸ್‌ಪೋಶರನ್ನು ಇಡೀ ರೋಲಿಗೆ ಒಂದೇ ಆಗಿ ನಿಲ್ಲಿಸಿ, ಬೆಳಕು ಬೀಳದ ಫಿಲ್ಮಿನ ಅಂಚು, ಅಂದರೆ ಕಿತ್ತಳೆ ತಳ, ಚೌಕಟ್ಟಿನಲ್ಲಿ ಸ್ವಲ್ಪವಾದರೂ ಬರುವಂತೆ ನೋಡಿಕೊಳ್ಳಬೇಕು. ಈ ತಳವೇ ಫಿಲ್ಮಿನ ಅತ್ಯಂತ ಪ್ರಕಾಶಮಾನವಾದ ಭಾಗ, ಮತ್ತು ಅದರ ಮೂಲಕ ಕೆಂಪು ಬೆಳಕೇ ಹೆಚ್ಚು ಹಾಯುವುದರಿಂದ ಕೆಂಪು ಚಾನೆಲ್ ಬೇಗ ತುಂಬಿ ಹೋಗಬಹುದು. ಹಾಗೆ ತುಂಬಿಹೋದ ಕಡತದ ನೆರಳುಗಳನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು. ತಪ್ಪು ಮಾತ್ರ ತಂತ್ರಾಂಶದ ತಲೆಗೆ ಬರುತ್ತದೆ.

ಮುಂದಿನದು ಪರೀಕ್ಷೆಗೆ ಫ್ರೇಮುಗಳನ್ನು ಆರಿಸುವುದು, ಮತ್ತು ಹೋಲಿಕೆಗಳು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಚೆನ್ನಾಗಿ ಬೆಳಕು ಬಿದ್ದ, ಎಲ್ಲ ಬಣ್ಣಗಳೂ ಇರುವ ಒಂದು ಚಿತ್ರವನ್ನು ಯಾವ ತಂತ್ರಾಂಶವಾದರೂ ಅಂದವಾಗಿಯೇ ತೋರಿಸುತ್ತದೆ. ಬಹುಪಾಲು ಸ್ವಯಂಚಾಲಿತ ವಿಧಾನಗಳು ಚಿತ್ರದಲ್ಲಿರುವ ಅತಿ ಕಪ್ಪು ಮತ್ತು ಅತಿ ಬಿಳಿ ಬಿಂದುಗಳನ್ನು ಪ್ರತಿ ಚಾನೆಲ್‌ನಲ್ಲಿ ಹುಡುಕಿ ಹಿಗ್ಗಿಸುವುದರಿಂದ, ಅವು ಸೋಲುವುದು ಒಂದೇ ಬಣ್ಣ ತುಂಬಿದ ದೃಶ್ಯಗಳಲ್ಲಿ: ದಟ್ಟ ಹಸಿರು ಎಲೆಗಳು, ಸೂರ್ಯಾಸ್ತ, ಮಂಜು. ಸಂಜೆಯ ಕೆಂಪನ್ನು ದೋಷವೆಂದು ತಿಳಿದು ತೊಳೆದುಹಾಕುವ ತಂತ್ರಾಂಶವನ್ನು ಒಂದೇ ಫ್ರೇಮಿನಲ್ಲಿ ಗುರುತಿಸಬಹುದು. ಇವುಗಳ ಜೊತೆಗೆ ಬಣ್ಣ ಅಳೆಯಲೆಂದು ದೃಶ್ಯದಲ್ಲಿ ಇಡುವ ಬೂದು ಕಾರ್ಡ್ ಇರುವ ಒಂದು ಫ್ರೇಮು, ಒಂದು ಮುಖ, ಬೆಳಕು ಸಾಲದೆ ತೆಳುವಾದ ಒಂದು ನೆಗೆಟಿವ್, ಒಂದೇ ಬೆಳಕಿನಲ್ಲಿ ಸಾಲಾಗಿ ತೆಗೆದ ನಾಲ್ಕೈದು ಫ್ರೇಮುಗಳು ಇರಲಿ.

ಈಗ ತಂತ್ರಾಂಶಗಳು. ನೆಗೆಟಿವ್ ಲ್ಯಾಬ್ ಪ್ರೊ, ಅಡೋಬಿಯ ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ನ ಒಳಗೆ ನಡೆಯುವ ಪ್ಲಗಿನ್. ಮೊದಲು ಕಿತ್ತಳೆ ತಳದ ಮೇಲೆ ವೈಟ್ ಬ್ಯಾಲೆನ್ಸ್ ತೆಗೆದುಕೊಂಡು, ಆಮೇಲೆ ಅಂಚನ್ನು ಲೆಕ್ಕದಿಂದ ಬಿಟ್ಟು ಪರಿವರ್ತಿಸಬೇಕು. ಸ್ವಯಂಚಾಲಿತ ಫಲಿತಾಂಶ ಬೇಗ ಸಿಗುತ್ತದೆ, ಕಣ್ಣಿಗೆ ಹಿತವಾಗಿಯೂ ಇರುತ್ತದೆ; ಫೋಟೋ ಲ್ಯಾಬ್‌ಗಳ ನೊರಿತ್ಸು, ಫ್ರಂಟಿಯರ್ ಸ್ಕ್ಯಾನಿಂಗ್ ಯಂತ್ರಗಳ ಬಣ್ಣವನ್ನು ಹೋಲುವ ಆಯ್ಕೆಗಳೂ ಇವೆ. ಒಂದು ಫ್ರೇಮಿನ ಹೊಂದಾಣಿಕೆಯನ್ನು ಅದೇ ದೃಶ್ಯದ ಉಳಿದ ಫ್ರೇಮುಗಳಿಗೆ ಹರಡಬಹುದು. ಪರಿವರ್ತನೆಯ ನಂತರ ಲೈಟ್‌ರೂಮಿನ ಸ್ಲೈಡರ್‌ಗಳು ತಿರುಗುಮುರುಗಾಗಿ ವರ್ತಿಸುತ್ತವೆ, ಏಕೆಂದರೆ ಅಡಿಯಲ್ಲಿರುವುದು ಇನ್ನೂ ನೆಗೆಟಿವೇ. ಹೆಚ್ಚಿನ ತಿದ್ದುಪಡಿ ಬೇಕಾದರೆ ಪಾಸಿಟಿವ್ ಪ್ರತಿಯೊಂದನ್ನು ಟಿಫ್ ಆಗಿ ತೆಗೆಯುವುದು ಲೇಸು.

ಉಚಿತ ತಂತ್ರಾಂಶವಾದ ಡಾರ್ಕ್‌ಟೇಬಲ್‌ನಲ್ಲಿ 2020ರಿಂದ ನೆಗಡಾಕ್ಟರ್ ಎಂಬ ಮಾಡ್ಯೂಲ್ ಇದೆ. ಸಿನಿಮಾ ಫಿಲ್ಮನ್ನು ಡಿಜಿಟಲ್ ಮಾಡಲು ಕೊಡಾಕ್ ರೂಪಿಸಿದ ಸಿನಿಯಾನ್ ವ್ಯವಸ್ಥೆಯ ಸಾಂದ್ರತೆಯ (ಫಿಲ್ಮು ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದರ) ಲೆಕ್ಕವನ್ನು ಆಧರಿಸಿದ ಇದರಲ್ಲಿ ತಳದ ಬಣ್ಣ, ಗರಿಷ್ಠ ಸಾಂದ್ರತೆ, ನೆರಳು ಮತ್ತು ಬೆಳಕಿನ ಭಾಗಗಳ ಬಣ್ಣದ ತಿದ್ದುಪಡಿ, ಕಾಗದದ ಕಪ್ಪು ಮತ್ತು ದರ್ಜೆ ಇವೆಲ್ಲ ಬೇರೆ ಬೇರೆ ನಿಯಂತ್ರಣಗಳಾಗಿವೆ. ಕಲಿಯಲು ಒಂದು ಸಂಜೆ ಹಿಡಿಯುತ್ತದೆ. ಆದರೆ ತಳವನ್ನು ಒಮ್ಮೆ ಅಳೆದು ಇಡೀ ರೋಲಿಗೆ ಅಂಟಿಸಿದರೆ ಸಾಲು ಫ್ರೇಮುಗಳು ಒಂದೇ ಬಣ್ಣದಲ್ಲಿ ನಿಲ್ಲುವುದು ಇಲ್ಲಿ ಸುಲಭ, ಮತ್ತು ನನ್ನ ಮಟ್ಟಿಗೆ ಈ ಒಂದು ಗುಣ ಉಳಿದ ಎಲ್ಲ ತೊಡಕನ್ನೂ ಸಹ್ಯವಾಗಿಸುತ್ತದೆ. ಇದನ್ನು ಬಳಸುವಾಗ ಚಿತ್ರದ ಕಾಂಟ್ರಾಸ್ಟನ್ನು ಬದಲಿಸುವ ಫಿಲ್ಮಿಕ್, ಬೇಸ್ ಕರ್ವ್‌ನಂಥ ಮಾಡ್ಯೂಲ್‌ಗಳನ್ನು ನಿಲ್ಲಿಸಿಡಬೇಕು. ರಾ ಥೆರಪಿ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲೂ ಫಿಲ್ಮ್ ನೆಗೆಟಿವ್ ಸಾಧನವಿದೆ. ಒಂದು ತಿಳಿ, ಒಂದು ಗಾಢ ಬೂದು ಜಾಗವನ್ನು ತೋರಿಸಿ ಚಾನೆಲ್‌ಗಳ ಅನುಪಾತವನ್ನು ಅದು ಕಂಡುಕೊಳ್ಳುವಂತೆ ಮಾಡಬಹುದು, ಹಾಗಾಗಿ ಬೂದು ಕಾರ್ಡಿನ ಫ್ರೇಮು ಇದ್ದವರಿಗೆ ಅದು ಒಗ್ಗುತ್ತದೆ.

ವ್ಯೂಸ್ಕ್ಯಾನ್ ಮತ್ತು ಸಿಲ್ವರ್‌ಫಾಸ್ಟ್ ಮೂಲತಃ ಸ್ಕ್ಯಾನರ್ ನಡೆಸುವ ತಂತ್ರಾಂಶಗಳು. ವ್ಯೂಸ್ಕ್ಯಾನ್‌ನಲ್ಲಿ ಎಕ್ಸ್‌ಪೋಶರನ್ನೂ ಫಿಲ್ಮಿನ ತಳದ ಬಣ್ಣವನ್ನೂ ಬೀಗ ಹಾಕಿದಂತೆ ನಿಲ್ಲಿಸುವ ಸೌಲಭ್ಯವಿದೆ. ಅದನ್ನು ಬಳಸದೆ ಆ ತಂತ್ರಾಂಶದ ಬಣ್ಣವನ್ನು ದೂರುವುದು ಸರಿಯಲ್ಲ. ಸಿಲ್ವರ್‌ಫಾಸ್ಟ್‌ನ ನೆಗಾಫಿಕ್ಸ್ ಫಿಲ್ಮಿನ ಹೆಸರು ಹಿಡಿದು ಪ್ರೊಫೈಲ್ ಕೊಡುತ್ತದೆ. ಆದರೆ ಫಿಲ್ಮಿನ ವಯಸ್ಸು, ಸಂಸ್ಕರಣೆ, ಬೆಳಕು ಬದಲಾದಂತೆ ಬಣ್ಣವೂ ಸರಿಯುವುದರಿಂದ, ಪ್ರೊಫೈಲ್ ಅನ್ನು ಆರಂಭದ ಬಿಂದುವೆಂದು ಮಾತ್ರ ಎಣಿಸಬೇಕು. ಕೆಲವು ಸ್ಕ್ಯಾನರ್‌ಗಳಲ್ಲಿರುವ, ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಗುರುತಿಸಿ ಅಳಿಸುವ ಅನುಕೂಲ ಮಾಮೂಲಿ ಕ್ಯಾಮೆರಾ ಸ್ಕ್ಯಾನಿನಲ್ಲಿ ಸಿಗುವುದಿಲ್ಲ. ಗೀರು, ಧೂಳು ತುಂಬಿದ ಹಳೆಯ ನೆಗೆಟಿವ್‌ಗಳ ರಾಶಿಯೇ ಇದ್ದರೆ ಆ ಒಂದೇ ಕಾರಣಕ್ಕೆ ಇಂಥ ಸ್ಕ್ಯಾನರನ್ನೂ ಈ ತಂತ್ರಾಂಶಗಳನ್ನೂ ಆರಿಸಬಹುದು.

ಫಲಿತಾಂಶಗಳನ್ನು ಅಕ್ಕಪಕ್ಕ ಇಡುವ ಮೊದಲು ಪ್ರಕಾಶ ಮತ್ತು ಬಣ್ಣದ ಗಾಢತೆಯನ್ನು ಸರಿಸುಮಾರು ಸಮ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಗಾಢವಾದದ್ದೇ ಗೆಲ್ಲುತ್ತದೆ. ನಾನೂ ಕೆಲವು ತಿಂಗಳು ಹೀಗೆ ಮೋಸಹೋದೆ. ಆಮೇಲೆ ಬೂದು ಜಾಗಗಳ ಮೇಲೆ ಬಣ್ಣದ ಅಂಕಿಗಳನ್ನು ಓದಿ. ಎಲ್ಲ ಬೂದುಗಳೂ ಒಂದೇ ಕಡೆ ವಾಲಿದ್ದರೆ ಅದು ವೈಟ್ ಬ್ಯಾಲೆನ್ಸಿನಲ್ಲಿ ಹೋಗುವ ದೋಷ. ತಿಳಿ ಭಾಗ ಹಳದಿಗೂ ನೆರಳು ನೀಲಿಗೂ ವಾಲಿದ್ದರೆ ಚಾನೆಲ್‌ಗಳ ಕಾಂಟ್ರಾಸ್ಟ್ ಹೊಂದಿಲ್ಲವೆಂದು ಅರ್ಥ, ಮತ್ತು ಅದನ್ನು ಸರಿಪಡಿಸಲು ಯಾವ ತಂತ್ರಾಂಶದಲ್ಲಿ ಎಷ್ಟು ಹೆಜ್ಜೆ ಬೇಕಾಗುತ್ತದೆ ಎಂಬುದೇ ನಿಜವಾದ ಅಳತೆ. ಕೊನೆಯದಾಗಿ ಸಾಲು ಫ್ರೇಮುಗಳನ್ನು ಚಿಕ್ಕದಾಗಿಸಿ ಒಟ್ಟಿಗೆ ಹರಡಿ ನೋಡಿ: ಒಂದೇ ಗೋಡೆ ಐದು ಫ್ರೇಮುಗಳಲ್ಲಿ ಐದು ಬಣ್ಣವಾಗಿದ್ದರೆ, ಒಂದೊಂದು ಫ್ರೇಮು ಬಿಡಿಯಾಗಿ ಎಷ್ಟೇ ಚೆಂದ ಕಂಡರೂ, 36 ಫ್ರೇಮುಗಳ ರೋಲಿಗೆ ಆ ವಿಧಾನ ಕೆಲಸಕ್ಕೆ ಬಾರದು.