ಜುಮ್ಮನಕಾಯಿ ಸಿಕ್ಕ ಸಂತೆ: ಚೀನಾದ ಶಾಶಿಯಲ್ಲಿ ಅಮ್ಮನ ಜೊತೆ ಐದು ರಾತ್ರಿ

ಶುಕ್ರವಾರದ ಸಂತೆಯಲ್ಲಿ ಒಬ್ಬ ಹೆಂಗಸಿನ ಚೀಲದೊಳಗೆ ಕೈಹಾಕಿ ಅಮ್ಮ ಒಂದು ಕಾಳು ಬಾಯಿಗಿಟ್ಟುಕೊಂಡಳು. ಎರಡು ಸಲ ಅಗಿದಳು. ಕಣ್ಣು ಅಗಲ ಮಾಡಿ ನನ್ನ ಕಡೆ ತಿರುಗಿದಳು. "ಇದು ನಮ್ಮ ಜುಮ್ಮನಕಾಯಿ ಅಲ್ದನೇ?"

ನಾನೂ ಒಂದು ಕಾಳು ಅಗಿದೆ. ಮೊದಲು ನಿಂಬೆಸಿಪ್ಪೆಯ ಘಮ, ಆಮೇಲೆ ನಾಲಿಗೆಯ ತುದಿಯಿಂದ ಶುರುವಾಗಿ ತುಟಿಯವರೆಗೆ ಜುಮ್ಮೆನ್ನುವ ಮರಗಟ್ಟುವಿಕೆ. ಕರಾವಳಿಯ ನಮ್ಮ ಮನೆಯಲ್ಲಿ ಬಂಗಡೆ ಸಾರಿಗೆ ಹಾಕುತ್ತಿದ್ದ ಅದೇ ರುಚಿ, ಸ್ವಲ್ಪ ಹೆಚ್ಚು ಚುರುಕು. ಚೀನಾದವರು ಇದಕ್ಕೆ ಹ್ವಾಜ್ಯಾವ್ ಅನ್ನುತ್ತಾರೆ. ನಮ್ಮ ಜುಮ್ಮನಕಾಯಿಯೂ ಅವರ ಹ್ವಾಜ್ಯಾವ್ ಕೂಡ ಒಂದೇ ಕುಲದ ಮುಳ್ಳುಮರಗಳ ಕಾಯಿ. ಇಬ್ಬರೂ ಒಳಗಿನ ಕಪ್ಪು ಬೀಜ ಎಸೆದು ಸಿಪ್ಪೆಯನ್ನಷ್ಟೇ ಅಡುಗೆಗೆ ಬಳಸುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೀನು ಬಿಟ್ಟಿದ್ದಳು. ಜುಮ್ಮನಕಾಯಿಯೂ ನಮ್ಮ ಅಡುಗೆಮನೆಯಿಂದ ಹಾಗೇ ಮರೆಯಾಗಿತ್ತು. ಅಷ್ಟು ದೂರ ಹೋಗಿ, ಭಾಷೆ ಗೊತ್ತಿಲ್ಲದ ಸಂತೆಯಲ್ಲಿ ಅದು ಮತ್ತೆ ಸಿಕ್ಕಿತು.

ಆ ದಿನ 2019ರ ಸೆಪ್ಟೆಂಬರ್ 13. ಊರು ಶಾಶಿ. ಯುನ್ನಾನ್ ಪ್ರಾಂತ್ಯದಲ್ಲಿ, ದಾಲಿ ಮತ್ತು ಲಿಜಿಯಾಂಗ್ ಎಂಬ ಎರಡು ದೊಡ್ಡ ಪ್ರವಾಸಿ ಊರುಗಳ ನಡುವೆ, ಗುಡ್ಡಗಳ ಮಧ್ಯದ ಒಂದು ಗದ್ದೆಬಯಲಿನಲ್ಲಿ ಕೂತಿರುವ ಹಳೆಯ ಪೇಟೆ. ಇಲ್ಲಿನವರು ಬಹುಪಾಲು ಬಾಯ್ ಜನಾಂಗದವರು. ದಕ್ಷಿಣ ಯುನ್ನಾನಿನಿಂದ ಟಿಬೆಟ್ಟಿಗೆ ಚಹಾ, ಹತ್ತಿರದ ಉಪ್ಪಿನ ಬಾವಿಗಳಿಂದ ಉಪ್ಪು, ಆ ಕಡೆಯಿಂದ ಕುದುರೆ ಸಾಗುತ್ತಿದ್ದ 'ಚಹಾ-ಕುದುರೆ ದಾರಿ'ಯಲ್ಲಿ ಇದೊಂದು ತಂಗುದಾಣವಾಗಿತ್ತು. ಹೇಸರಗತ್ತೆಗಳ ಸಾಲು ಬಂದು ಇಳಿಯುತ್ತಿದ್ದ ಚೌಕ, ಎದುರಿಗೆ ದೇವಸ್ಥಾನ, ಸುತ್ತ ಛತ್ರಗಳು, ಎಲ್ಲವೂ ಉಳಿದಿವೆ. 2001ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಈ ಚೌಕವನ್ನು ಸೇರಿಸಿತು. ಆಮೇಲೆ ಜ್ಯೂರಿಕ್‌ನ ಸ್ವಿಸ್ ತಾಂತ್ರಿಕ ವಿಶ್ವವಿದ್ಯಾಲಯದವರು ಸ್ಥಳೀಯ ಆಡಳಿತದ ಜೊತೆ ಸೇರಿ ಜೀರ್ಣೋದ್ಧಾರ ಮಾಡಿದರು. ಹೊಸದಾಗಿ ಕಟ್ಟಿ ಹಳೆಯದರ ಬಣ್ಣ ಬಳಿಯುವ ಕೆಲಸ ಅಲ್ಲಿ ನಡೆದಿಲ್ಲ. ಮಣ್ಣಿನ ಗೋಡೆ ಮಣ್ಣಿನದ್ದಾಗಿಯೇ ಇದೆ. ಲಿಜಿಯಾಂಗ್ ಬಿಟ್ಟು ಇಲ್ಲಿಗೇ ಬರಲು ನನಗೆ ಅದೇ ಕಾರಣ.

ಎಲ್ಲರೂ ಕೇಳುವುದು ಹೋಗಿದ್ದು ಹೇಗೆ ಅಂತ. ಗೌರಿ-ಗಣೇಶ ಹಬ್ಬ ಮುಗಿಸಿಕೊಂಡು ಬೆಂಗಳೂರಿನಿಂದ ಕೋಲ್ಕತ್ತಕ್ಕೆ, ಅಲ್ಲಿಂದ ನೇರ ವಿಮಾನದಲ್ಲಿ ಯುನ್ನಾನಿನ ರಾಜಧಾನಿ ಕುನ್‌ಮಿಂಗ್‌ಗೆ. ಕೋಲ್ಕತ್ತದಿಂದ ಕುನ್‌ಮಿಂಗ್ ಸುಮಾರು ಎರಡೂವರೆ ಗಂಟೆಯ ಹಾರಾಟ, ಅಷ್ಟೇ. ಹೆಚ್ಚುಕಡಿಮೆ ಬೆಂಗಳೂರಿನಿಂದ ಕೋಲ್ಕತ್ತ ಮುಟ್ಟಲು ಬೇಕಾದಷ್ಟೇ. ಕುನ್‌ಮಿಂಗ್‌ನಿಂದ ದಾಲಿಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ದಾಲಿಯಿಂದ ಜಿಯಾನ್‌ಚ್ವಾನ್ ಎಂಬ ತಾಲ್ಲೂಕು ಕೇಂದ್ರಕ್ಕೆ ಬಸ್ಸು. ಅಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೇ ಶಾಶಿಗೆ ಹೋಗುವ ಸಣ್ಣ ವ್ಯಾನುಗಳು ನಿಂತಿರುತ್ತವೆ, ಏಳು ಜನ ತುಂಬಿದರೆ ಹೊರಡುತ್ತವೆ. ನಮ್ಮ ಟೆಂಪೋ ಟ್ರ್ಯಾಕ್ಸುಗಳ ಲೆಕ್ಕವೇ. ಊರು ಮುಟ್ಟಿದಾಗ ಗುರುವಾರ ಸಂಜೆ.

ದಿನ ನೋಡಿಯೇ ಹೊರಟಿದ್ದೆ. ಶಾಶಿಯ ಸಂತೆ ಶುಕ್ರವಾರ. ಆ ವರ್ಷ ಅದೇ ಶುಕ್ರವಾರ ಚೀನೀಯರ ಶರತ್ಕಾಲದ ಹುಣ್ಣಿಮೆ ಹಬ್ಬ. ಅವರ ಎಂಟನೇ ತಿಂಗಳ ಹದಿನೈದನೇ ದಿನ, ನಮ್ಮ ಭಾದ್ರಪದದ ಹುಣ್ಣಿಮೆ. ಹಬ್ಬದ ರಜೆಗೆ ಮೂರು ದಿನ ಊರು ತುಂಬಿರುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಮಂಗಳವಾರದವರೆಗೆ ರೂಮು ಹಿಡಿದಿದ್ದೆ. ಸಣ್ಣ ಊರಿಗೆ ಹೋಗುವವರಿಗೆ ನನ್ನದೊಂದೇ ಮಾತು: ಒಂದು ರಾತ್ರಿಗೆಂದು ಹೋಗಬೇಡಿ. ಮೊದಲ ದಿನ ನೀವು ಗಿರಾಕಿ, ಮೂರನೇ ದಿನ ಮುಖ ಪರಿಚಯದವರು, ನಾಲ್ಕನೇ ದಿನ ಅಡುಗೆಮನೆಯ ಬಾಗಿಲು ತೆರೆಯುತ್ತದೆ. ಇನ್ನೊಂದು, ರೂಮು ಹಿಡಿಯುವ ಮುಂಚೆ ವಿದೇಶಿಯರನ್ನು ಇಟ್ಟುಕೊಳ್ಳುತ್ತಾರಾ ಎಂದು ಕೇಳಿಕೊಳ್ಳಿ. ಪಾಸ್‌ಪೋರ್ಟಿನ ವಿವರವನ್ನು ಪೊಲೀಸರಿಗೆ ಕೊಡುವ ವ್ಯವಸ್ಥೆ ಎಲ್ಲಾ ಸಣ್ಣ ಮನೆಗಳಲ್ಲಿ ಇರುವುದಿಲ್ಲ.

ನನಗಿದ್ದ ಚಿಂತೆ ಅಮ್ಮನ ಊಟದ್ದು. ದಾಲಿಯ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಯಲ್ಲಿ 'ಮಾಂಸ ಬೇಡ' ಎಂದು ಹೇಳಿಯೇ ಸೊಪ್ಪಿನ ಪಲ್ಯ ತರಿಸಿದೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ಹಾಗೇ ನಿಂತಳು. ಸೊಪ್ಪಿನಲ್ಲಿ ಮಾಂಸ ಇರಲಿಲ್ಲ ನಿಜ, ಒಗ್ಗರಣೆಗೆ ಹಂದಿಯ ಕೊಬ್ಬು ಹಾಕಿದ್ದರು. ಯುನ್ನಾನಿನ ಹಳ್ಳಿ ಅಡುಗೆಯಲ್ಲಿ ಅದು ಸಾಮಾನ್ಯ, ಅದನ್ನು ಅವರು ಮಾಂಸ ಎಂದು ಲೆಕ್ಕ ಹಿಡಿಯುವುದಿಲ್ಲ. ಅವರು ನಮಗೆ ಮೋಸ ಮಾಡಲಿಲ್ಲ, ನಾನು ಸರಿಯಾಗಿ ಕೇಳಿರಲಿಲ್ಲ. ಅವತ್ತು ಅಮ್ಮ ಬರೀ ಅನ್ನ, ಬಾಳೆಹಣ್ಣು ತಿಂದಳು. ನನಗೆ ಗಂಟಲು ಕಟ್ಟಿಬಂತು.

ಶಾಶಿ ಮುಟ್ಟಿದ ರಾತ್ರಿಯೇ ತಂಗಿದ್ದ ಮನೆಯ ಯಜಮಾನಿಯ ಹತ್ತಿರ ಒಂದು ಚೀಟಿ ಬರೆಸಿಕೊಂಡೆ: ಮಾಂಸ ಬೇಡ, ಮೀನು ಬೇಡ, ಹಂದಿ ಕೊಬ್ಬು ಬೇಡ, ಮಾಂಸದ ಸಾರು ಬೇಡ, ಸಾಸಿವೆ ಜಾತಿಯ ಎಣ್ಣೆಯಲ್ಲಿ ಮಾಡಿ, ಮೊಟ್ಟೆ ಹಾಲು ಆಗುತ್ತದೆ. 'ವೋ ಚಿ ಸು', ಅಂದರೆ ನಾನು ಸಸ್ಯಾಹಾರಿ, ಅಷ್ಟನ್ನು ಬಾಯಲ್ಲೂ ಕಲಿತೆ. ಆದರೆ ಚೀನೀ ಭಾಷೆಯಲ್ಲಿ ಸ್ವರ ಏರಿಳಿದರೆ ಅರ್ಥವೇ ಬೇರೆ, ಚೀಟಿಯೇ ಗಟ್ಟಿ. ಮುಂದೆ ಎಲ್ಲಿ ಹೋದರೂ ಮೊದಲು ಚೀಟಿ ತೋರಿಸಿ, ಆಮೇಲೆ ಕೂರುತ್ತಿದ್ದೆವು.

ಸಂತೆ ಇರುವುದು ಹಳೆಯ ಪೇಟೆಯ ಹೊರಗೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಗುಡ್ಡದ ಮೇಲಿನ ಹಳ್ಳಿಗಳಿಂದ ಯೀ ಜನಾಂಗದ ಹೆಂಗಸರು ಅಗಲವಾದ ಕಪ್ಪು ಟೋಪಿ ತೊಟ್ಟು ಇಳಿದುಬಂದಿದ್ದರು. ಬೆನ್ನಿಗೆ ಬಿದಿರಿನ ಬುಟ್ಟಿ, ಬುಟ್ಟಿಯೊಳಗೆ ಅಣಬೆ. ಅಂಗಡಿ ಎಂದರೆ ನೆಲದ ಮೇಲೊಂದು ಗೋಣಿ ತಟ್ಟು, ಅದರ ಮೇಲೆ ಜರೀಗಿಡದ ಎಲೆ, ಎಲೆಯ ಮೇಲೆ ಅಣಬೆ. ಕೊಯ್ದರೆ ಮುಟ್ಟಿದ ಜಾಗ ನೀಲಿಗಟ್ಟುವ ಒಂದು ಜಾತಿಯಿದೆ, ಜಿಯೆನ್‌ಶೋಚಿಂಗ್. ಚೆನ್ನಾಗಿ ಬೇಯದಿದ್ದರೆ ತಲೆ ತಿರುಗಿ ಕಣ್ಣೆದುರು ಕುಳ್ಳ ಮನುಷ್ಯರು ಓಡಾಡಿದ ಹಾಗೆ ಕಾಣುತ್ತದಂತೆ, ಯುನ್ನಾನಿನವರೇ ಎಚ್ಚರಿಸುತ್ತಾರೆ. ನಾವು ಅದನ್ನು ಮುಟ್ಟಲಿಲ್ಲ, ಗೊತ್ತಿಲ್ಲದವರು ಮುಟ್ಟಲೂಬಾರದು. ಅಮ್ಮ ನಿಂತದ್ದು ಮಾತ್ರ ಇನ್ನೊಂದು ಗುಡ್ಡೆಯ ಮುಂದೆ. ಉದ್ದ ಕಾಲು, ಬೂದುಗಂದು ಕೊಡೆ, ಕೊಡೆಯ ನೆತ್ತಿಯಲ್ಲಿ ಚೂಪು, ಬುಡದಲ್ಲಿ ಕೆಂಪುಮಣ್ಣು. ಅಮ್ಮ ಒಂದನ್ನು ಕೈಗೆತ್ತಿಕೊಂಡು ಮೂಸಿದಳು. "ಇದು ಹುತ್ತದ ಅಣಬೆ. ಮುಚ್ಚಿಟ್ಟು ತಂದ್ರೂ ನಂಗೆ ಗೊತ್ತಾಗ್ತದೆ."

ನಿಜ. ಅವರು ಜಿಝೋಂಗ್ ಅನ್ನುವುದೂ ಗೆದ್ದಲಿನ ಗೂಡಿನ ಮೇಲೆ ಏಳುವ ಅಣಬೆಯನ್ನೇ. ಗೆದ್ದಲು ನೆಲದೊಳಗೆ ಸಾಕುವ ಬೂಜು ಮಳೆಗಾಲದಲ್ಲಿ ಮೇಲೆ ಕೊಡೆ ಬಿಚ್ಚುತ್ತದೆ, ನಮ್ಮ ಬೆಟ್ಟದಲ್ಲಿ ಆಗುವ ಹಾಗೇ. ಎರಡು ಕಿಲೋ ತೆಗೆದುಕೊಂಡೆವು. ಮಾರುವಾಕೆ ನನ್ನ ನೂರು ಯುವಾನಿನ ನೋಟಿಗೆ ಚಿಲ್ಲರೆಗೆಂದು ಮೂರು ಕಡೆ ಅಲೆದಳು. ಸುತ್ತಲಿನವರೆಲ್ಲ ಮೊಬೈಲಿನಲ್ಲೇ ದುಡ್ಡು ಕೊಡುತ್ತಿದ್ದರು. ಹೋಗುವಾಗ ಹತ್ತು, ಇಪ್ಪತ್ತರ ನೋಟುಗಳು ಸಾಕಷ್ಟು ಇರಲಿ.

ಅಣಬೆ ಕೊಂಡದ್ದು ನೋಡಿ ಯಜಮಾನಿ ನಾಲ್ಕನೇ ದಿನದವರೆಗೆ ಕಾಯದೆ ತಾನೇ ಅಡುಗೆಮನೆಗೆ ಕರೆದಳು. ಆಕೆಗೆ ಐವತ್ತರ ಹತ್ತಿರ ಇರಬಹುದು. ಅಮ್ಮನನ್ನು 'ದಾಜ್ಯೆ', ಅಂದರೆ ಅಕ್ಕ ಎಂದು ಕರೆಯುತ್ತಿದ್ದಳು. ಅಮ್ಮ ಆಕೆಯನ್ನು ಕನ್ನಡದಲ್ಲೇ 'ತಂಗಿ' ಅಂದಳು. ಆಮೇಲೆ ಎರಡೂವರೆ ಗಂಟೆ ಇಬ್ಬರಿಗೂ ನನ್ನ ಮೊಬೈಲಿನ ಅನುವಾದ ಬೇಕಾಗಲಿಲ್ಲ.

ಮೊದಲು ಹಿತ್ತಿಲಿನಿಂದ ನಾಲ್ಕಾರು ಕುಂಬಳದ ಎಲೆ ಕಿತ್ತು ತಂದಳು. ಆ ಎಲೆಯ ಮೇಲಿನ ಸಣ್ಣ ಮುಳ್ಳುಗೂದಲು ಇದೆಯಲ್ಲ, ಅದರಿಂದಲೇ ಅಣಬೆಯ ಮಣ್ಣು ಉಜ್ಜುವುದು. ನೀರು ಹರಿಯಬಿಟ್ಟು ಮೆಲ್ಲಗೆ ಉಜ್ಜಿದರೆ ಕೊಡೆ ಮುರಿಯದೆ ಮಣ್ಣು ಮಾತ್ರ ಬಿಡುತ್ತದೆ. ಅಮ್ಮ ಒಂದೆಲೆ ಕೈಗೆ ತೆಗೆದುಕೊಂಡು, "ಇಷ್ಟು ವರ್ಷ ಹರಿದ ಬಟ್ಟೆಯಲ್ಲಿ ಒರಸ್ತಾ ಬಂದೆವಲ್ಲ" ಅಂದಳು. ಆಮೇಲೆ ಸೀಳುವುದು. ಚಾಕು ಮುಟ್ಟಿಸಲಿಲ್ಲ, ನಾರಿನ ಗುಂಟ ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿದರು. ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುವವರೆಗೆ ಕಾಯಿಸಿ, ಹಸಿವಾಸನೆ ಹೋದಮೇಲೆ ಉರಿ ತಗ್ಗಿಸಿ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸು, ಒಂದು ಹಿಡಿ ಹ್ವಾಜ್ಯಾವ್. ಕೊನೆಗೆ ಅಣಬೆ. ಬಿದ್ದ ಕೂಡಲೇ ಬಾಣಲೆ ತುಂಬಿತು, ನೀರು ಬಿಟ್ಟು ನೊರೆ ಎದ್ದಿತು. ಅಲ್ಲಿಂದ ತಾಳ್ಮೆಯ ಕೆಲಸ. ಸಣ್ಣ ಉರಿ, ಮರದ ಸಟ್ಟುಗ, ತಿರುವುತ್ತಲೇ ಇರಬೇಕು. ಒಂದು ಗಂಟೆಯ ಮೇಲೆ ನೊರೆ ಅಡಗಿ ಸದ್ದು ಬದಲಾಯಿತು. ಕುದಿಯುವ ಸದ್ದು ಹೋಗಿ ಕರಿಯುವ ಸಣ್ಣ ಚಿಟಪಟ. ಯಜಮಾನಿ ಕಿವಿ ತೋರಿಸಿದಳು, ಅಮ್ಮ ತಲೆಯಾಡಿಸಿದಳು. ಎಳೆಗಳು ಕಂದಾಗಿ, ಕುಗ್ಗಿ, ಎಣ್ಣೆಯಲ್ಲಿ ಮುಳುಗಿದ ಮೇಲೆ ಒಲೆ ಆರಿಸಿ, ಬಾಣಲೆಯಲ್ಲೇ ತಣಿಯಲು ಬಿಟ್ಟರು. ಎರಡು ಕಿಲೋ ಅಣಬೆ ಎರಡು ಗಾಜಿನ ಬಾಟಲಿಯಾಯಿತು.

ಆ ರಾತ್ರಿ ಬಿಸಿ ಅನ್ನಕ್ಕೆ ಅದೇ ಎಣ್ಣೆ ಎರಡು ಚಮಚ. ಜೊತೆಗೆ ಆಡಿನ ಹಾಲು ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಒತ್ತಿಟ್ಟ ರೂಪಿಂಗ್, ನಮ್ಮ ಪನೀರಿನ ದಾಯಾದಿ. ಬಿಲ್ಲೆ ಕೊಯ್ದು ಕೆಂಪಗೆ ಕಾಯಿಸಿ, ಉಪ್ಪು ಮತ್ತು ಹ್ವಾಜ್ಯಾವ್ ಪುಡಿ ಮುಟ್ಟಿಸಿಕೊಂಡು ತಿನ್ನುವುದು. ಹಲ್ಲಿಗೆ ಕಿರುಗುಟ್ಟುತ್ತದೆ. ಅಮ್ಮ ಅನ್ನವನ್ನು ಮೂರು ಸಲ ಹಾಕಿಸಿಕೊಂಡಳು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ಉಂಡದ್ದನ್ನು ನಾನು ನೋಡಿರಲಿಲ್ಲ.

ಉಳಿದ ತಿಂಡಿಗಳಲ್ಲಿ ಎರ್‌ಕ್ವಾಯ್ ನೆನಪಿನಲ್ಲಿಡಿ. ಬೇಯಿಸಿದ ಅಕ್ಕಿಯನ್ನು ಕುಟ್ಟಿ ಇಟ್ಟಿಗೆಯ ಹಾಗೆ ಅಚ್ಚುಕಟ್ಟಿದ್ದು. ತೆಳುವಾಗಿ ಕೊಯ್ದು ಕೆಂಡದ ಮೇಲೆ ಸುಟ್ಟುಕೊಡುತ್ತಾರೆ, ಎಳೆಯಾಗಿ ಹೆಚ್ಚಿದರೆ ಒತ್ತುಶಾವಿಗೆಯ ಅಣ್ಣ. ಬೆಳಗಿನ ಹೊತ್ತು ಬಟಾಣಿ ಹಿಟ್ಟಿನ ಬಿಸಿ ಗಂಜಿ ಸಿಗುತ್ತದೆ, ತೆಳ್ಳಗಿನ ಜುಣಕದ ಹಾಗೆ. ಹುಣ್ಣಿಮೆ ಹಬ್ಬದ ಚಂದ್ರ-ಬಿಲ್ಲೆಗಳಲ್ಲಿ (ಮೂನ್ ಕೇಕ್) ಮಾತ್ರ ಹುಷಾರು: ಯುನ್ನಾನಿನ ಹೆಸರುವಾಸಿ ಬಿಲ್ಲೆಯೊಳಗೆ ಹಂದಿಮಾಂಸ ಇರುತ್ತದೆ. ಗುಲಾಬಿಯದ್ದು ಕೇಳಿ ತೆಗೆದುಕೊಳ್ಳಿ, ಒಳಗೆ ಥೇಟು ಗುಲ್ಕಂದ.

ಅದನ್ನು ತಿನ್ನುತ್ತಾ ಹುಣ್ಣಿಮೆಯ ರಾತ್ರಿ ಚೌಕದಲ್ಲಿ ಕೂತೆವು. ಕೆಂಪು ಕಲ್ಲಿನ ನೆಲಹಾಸು, ಎರಡು ಭಾರಿ ಹಳೆಯ ಮರ, ಒಂದು ಬದಿಗೆ ಮಡಿಚಿದ ರೆಕ್ಕೆಯಂಥ ಸೂರುಗಳ ರಂಗಮಂಟಪ, ಅದರ ಎದುರಿಗೇ 1415ರಲ್ಲಿ ಕಟ್ಟಿದ ಶಿಂಗ್‌ಜ್ಯಾವ್ ದೇವಸ್ಥಾನ. ದೇವರು ನೋಡಲೆಂದೇ ಆಟದ ಮಂಟಪವನ್ನು ಗುಡಿಯ ಕಡೆ ಮುಖ ಮಾಡಿ ಕಟ್ಟಿದ್ದಾರೆ. ಅಮ್ಮ ಮೆಟ್ಟಿಲ ಮೇಲೆ ಸೆರಗು ಹೊದ್ದು, ಊರಿನಲ್ಲಿ ಯಕ್ಷಗಾನ ಶುರುವಾಗುವ ಮುಂಚೆ ಕೂರುತ್ತಿದ್ದ ಹಾಗೇ ಕೂತಳು. ಎರಡು ಸಾವಿರ ಮೀಟರಿಗಿಂತ ಎತ್ತರದ ಊರು, ರಾತ್ರಿ ಸ್ವೆಟರ್ ಬೇಕೇ ಬೇಕು. ಇಲ್ಲಿನ ಬಾಯ್ ಜನರ ಹಳೆಯ ಬೌದ್ಧ ಪಂಥದ ಹೆಸರು ಅಝಲಿ. ಸಂಸ್ಕೃತದ 'ಆಚಾರ್ಯ' ಶಬ್ದವೇ ಬಾಯಿಂದ ಬಾಯಿಗೆ ಸವೆದು ಹಾಗಾಗಿದೆ. ಅದನ್ನು ಹೇಳಿದಾಗ ಅಮ್ಮ ಗುಡಿಯ ಕಡೆ ತಿರುಗಿ ಕೈಮುಗಿದಳು.

ಸೋಮವಾರ ಊರು ಖಾಲಿಯಾಯಿತು. ಪೂರ್ವದ ಬಾಗಿಲು ದಾಟಿ ಹೊಳೆಗೆ ಇಳಿದೆವು. ಹೈಹ್ವೇ ಹೊಳೆಯ ಮೇಲೆ ಒಂದೇ ಕಮಾನಿನ ಯೂಜಿನ್ ಕಲ್ಲುಸೇತುವೆ, ಹೇಸರಗತ್ತೆಗಳು ದಾಟುತ್ತಿದ್ದ ಸೇತುವೆ. ಆಚೆಗೆ ಹಣ್ಣಾಗುತ್ತಿರುವ ಭತ್ತ. ಹೊಳೆಯ ಮಂಜು ಗದ್ದೆಯ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಬಿಸಿಲು ಗುಡ್ಡ ಹತ್ತಿದಂತೆ ಮೊದಲು ತೆನೆಯ ತುದಿ ಕಂಡವು, ಆಮೇಲೆ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವ ಒಬ್ಬ ಅಜ್ಜ. ಅಮ್ಮ ಒಂದು ತೆನೆ ಬಗ್ಗಿಸಿ ಕಾಳು ಹಿಚುಕಿ ನೋಡಿದಳು. "ಇನ್ನೂ ಹದಿನೈದು ದಿನ ಬೇಕು." ಒಂದೂವರೆ ಗಂಟೆ ನಡೆದೆವು, ಪ್ರವಾಸಿ ಎಂಬ ಒಬ್ಬನೂ ಎದುರಾಗಲಿಲ್ಲ. ಹತ್ತಿರದ ಶಿಬಾವ್ ಬೆಟ್ಟದಲ್ಲಿ, ಈ ಸೀಮೆಯನ್ನು ಹಿಂದೆ ಆಳಿದ ನಾನ್‌ಜಾವ್ ರಾಜರ ಕಾಲದಿಂದ ಕೆತ್ತಿದ ಗುಹಾಶಿಲ್ಪಗಳಿವೆ. ಮೆಟ್ಟಿಲು ಬಹಳ, ಅಮ್ಮನ ಮೊಣಕಾಲಿಗೆ ಆಗದು ಎಂದು ಬಿಟ್ಟೆ. ಗಟ್ಟಿಯಿದ್ದವರು ಅರ್ಧ ದಿನ ಇಟ್ಟುಕೊಳ್ಳಿ.

ಆಮೇಲೆ ಕೋವಿಡ್ ಬಂತು, ನೇರ ವಿಮಾನಗಳು ನಿಂತವು. 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದಿಂದ ದಕ್ಷಿಣ ಚೀನಾದ ಗ್ವಾಂಗ್‌ಝೌಗೆ ಮತ್ತೆ ಶುರುವಾಗಿವೆ. ಹೋಗುವ ಮನಸ್ಸಿದ್ದವರು ಮಳೆಗಾಲದ ಕೊನೆಯ ಒಂದು ಗುರುವಾರ ಸಂಜೆಗೆ ಶಾಶಿ ಮುಟ್ಟುವ ಹಾಗೆ ಲೆಕ್ಕ ಹಾಕಿ.

ಎರಡು ಬಾಟಲಿಯಲ್ಲಿ ಒಂದನ್ನು ಯಜಮಾನಿ ಅಮ್ಮನ ಹಳೆ ಸೀರೆಯಲ್ಲಿ ಸುತ್ತಿ ಬ್ಯಾಗಿಗೆ ಇಟ್ಟಳು. ಚೀನಾದ ಮೆಸೇಜ್ ಆ್ಯಪ್ ವಿಚಾಟ್‌ನಲ್ಲಿ ನನ್ನನ್ನು ಸೇರಿಸಿಕೊಂಡು, ಹಬ್ಬಹುಣ್ಣಿಮೆಗೆ ಅಂಗಳದ ಹೂವಿನ ಫೋಟೊ ಕಳಿಸುತ್ತಿದ್ದಳು. ಮುಂದಿನ ಮಳೆಗಾಲ, 2020ರ ಜುಲೈ, ಲಾಕ್‌ಡೌನ್ ಎಂದು ನಾನೂ ಊರಲ್ಲೇ ಇದ್ದೆ. ಬೆಟ್ಟದ ಅಂಚಿನಲ್ಲಿ ಹುತ್ತದ ಅಣಬೆ ಎದ್ದವು. ಅಮ್ಮ ಕುಂಬಳದ ಎಲೆಯಲ್ಲಿ ಉಜ್ಜಿ, ಕೈಯಲ್ಲೇ ಸೀಳಿ, ಪಕ್ಕದ ಮನೆಯಿಂದ ಜುಮ್ಮನಕಾಯಿ ತರಿಸಿ, ಸದ್ದು ಬದಲಾಗುವವರೆಗೆ ತಿರುವಿದಳು. ಗಂಜಿಯ ತಟ್ಟೆಯ ಪಕ್ಕ ಬಾಟಲಿ ಇಟ್ಟು, "ತಂಗಿಗೆ ಕಳಿಸು" ಎಂದು ಫೋಟೊ ತೆಗೆಸಿದಳು. ಕೆಲವೇ ದಿನಗಳ ಹಿಂದೆ, ಜೂನ್ 29ರಂದು, ನಮ್ಮಲ್ಲಿ ವಿಚಾಟ್ ನಿಷೇಧವಾಗಿತ್ತು. ಆಕೆಯ ಬೇರೆ ನಂಬರು ನನ್ನ ಹತ್ತಿರ ಇರಲಿಲ್ಲ. ಫೋಟೊ ಇನ್ನೂ ನನ್ನ ಫೋನಿನಲ್ಲೇ ಇದೆ. ಅಮ್ಮ ಈಗಲೂ ಮಳೆಗಾಲ ಬಂದಾಗಲೆಲ್ಲ ಕೇಳುತ್ತಾಳೆ, ಕಳಿಸಿದೆಯಾ ಅಂತ.