ಮಂಚ ಎತ್ತುವ ಪಂಪು: ತಲೆದಿಂಬಿನ ಕಡೆಯಲ್ಲ, ಹಲಗೆಯ ಅಡಿಗೆ ನೋಡಿ

ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ ಅಟ್ಟ ತುಂಬಿದ ಮೇಲೆ ಉಳಿಯುವುದು ಮಂಚದ ಹೊಟ್ಟೆ ಒಂದೇ. ದಸರಾ ಬೊಂಬೆಯ ಡಬ್ಬ, ಹಬ್ಬಕ್ಕೆ ಮಾತ್ರ ಇಳಿಯುವ ದೊಡ್ಡ ಪಾತ್ರೆ, ನೆಂಟರು ಬಂದಾಗ ಬೇಕಾಗುವ ಚಾಪೆ, ಕಂಬಳಿ, ಮೈಗೆ ಬಿಗಿಯಾದರೂ ಕೊಟ್ಟುಬಿಡಲು ಮನಸ್ಸಾಗದ ಬಟ್ಟೆ, ಎಲ್ಲ ಅಲ್ಲಿಗೇ.

ರಾಜಾಜಿನಗರದ ನಮ್ಮ ಮನೆಯಲ್ಲೂ ಅಂಥದ್ದೇ ಮಂಚ, ಹಾಸಿಗೆಯ ಅಡಿಯ ಹಲಗೆಯನ್ನು ಪಂಪು ಎತ್ತಿ ಹಿಡಿಯುವಂಥದ್ದು. ತಂದ ಹೊಸದರಲ್ಲಿ ಒಂದು ಕೈಯಲ್ಲಿ ಸ್ವಲ್ಪ ಎತ್ತಿದರೆ ಸಾಕು, ಹಲಗೆ ತಾನೇ ಮೇಲೆ ಹೋಗಿ ನಿಲ್ಲುತ್ತಿತ್ತು. ಎರಡು ವರ್ಷದಲ್ಲಿ ಅದನ್ನು ಎತ್ತಲು ಇಬ್ಬರು ಬೇಕಾದರು. ಒಂದು ಬೆಳಿಗ್ಗೆ ನಾನು ಬೊಂಬೆ ಡಬ್ಬಕ್ಕೆ ಬಗ್ಗಿದ್ದಾಗ ಹಲಗೆ ಮೆಲ್ಲಗೆ ಇಳಿದು ಬೆನ್ನ ಮೇಲೆ ಕೂತಿತು. ದೊಡ್ಡ ಪೆಟ್ಟೇನೂ ಆಗಲಿಲ್ಲ. ಅಂದಿನಿಂದ ನೆಲ ಒರೆಸುವ ಕೋಲನ್ನು ಆಸರೆ ಕೊಟ್ಟು ಕೆಲಸ ನಡೆಸಿದೆವು. ಅಂಗಡಿಗೆ ಫೋನ್ ಮಾಡಿದರೆ, ‘ವಾರಂಟಿ ಮಂಚಕ್ಕೆ ಸಾರ್, ಪಂಪಿಗಲ್ಲ’ ಎಂದರು. ಪಂಪು ತೆಗೆದರೆ ಉಳಿಯುವುದು ಬರೀ ಪೆಟ್ಟಿಗೆ ಅಲ್ವಾ?

ಆಮೇಲೆ ಕಾರ್ಪೆಂಟರ್ ಬಂದು ನೋಡಿದಾಗ ತಪ್ಪು ಅರ್ಧ ನಮ್ಮದೂ ಇತ್ತೆಂದು ಗೊತ್ತಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಒಳಗೆ ಏನಿದೆ?

ಎಲ್ಲರೂ ಇದನ್ನು ಹೈಡ್ರಾಲಿಕ್ ಮಂಚ ಅನ್ನುತ್ತಾರೆ. ಅದು ಬಾಯಿಮಾತು ಅಷ್ಟೆ. ಹೈಡ್ರಾಲಿಕ್ ಅಂದರೆ ಎಣ್ಣೆಯ ಒತ್ತಡದಿಂದ ಎತ್ತುವುದು, ಜೆಸಿಬಿಯ ತೋಳಿನ ಹಾಗೆ. ಮಂಚದಲ್ಲಿ ಎತ್ತುವುದು ಗ್ಯಾಸ್. ಹಲಗೆಯ ಎರಡೂ ಬದಿಯಲ್ಲಿ ಒಂದೊಂದು ಉಕ್ಕಿನ ಕೊಳವೆ ಇರುತ್ತದೆ. ಅದರಲ್ಲಿ ನೈಟ್ರೋಜನ್ ಗ್ಯಾಸನ್ನು ಒತ್ತಿ ತುಂಬಿರುತ್ತಾರೆ. ಜೊತೆಗೆ ಸ್ವಲ್ಪ ಎಣ್ಣೆ. ಆ ಎಣ್ಣೆ ಸೀಲು ಒಣಗದಂತೆ ಕಾಯುತ್ತದೆ, ಕೊನೆಯಲ್ಲಿ ಹಲಗೆ ‘ಧಡ್’ ಎನ್ನದೆ ನಿಧಾನವಾಗಿ ನಿಲ್ಲುವಂತೆ ಮಾಡುತ್ತದೆ. ಕಾರಿನ ಹಿಂದಿನ ಡಿಕ್ಕಿ ಬಾಗಿಲು ಎತ್ತಿ ಹಿಡಿಯುವುದೂ ಇದೇ ಜಾತಿಯ ಸಾಮಾನು. ಇದರ ಸರಿಯಾದ ಹೆಸರು ಗ್ಯಾಸ್ ಸ್ಪ್ರಿಂಗ್ ಅಥವಾ ಗ್ಯಾಸ್ ಸ್ಟ್ರಟ್. ಅಂಗಡಿಯಲ್ಲಿ ‘ಪಂಪು’ ಅಂದರೂ ಕೊಡುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ಕೊಳವೆಯಿಂದ ಹೊರಗೆ ಇಣುಕುವ ಹೊಳೆಯುವ ಸರಳಿಗೆ ಒಳಗಡೆ ಒಂದು ಪಿಸ್ಟನ್ ಇದೆ. ಪಿಸ್ಟನ್ನಿನಲ್ಲಿ ಸಣ್ಣ ದಾರಿ ಇರುವುದರಿಂದ ಗ್ಯಾಸ್ ಅದರ ಎರಡೂ ಕಡೆ ಇರುತ್ತದೆ. ಹಾಗಾದರೆ ತಳ್ಳುವುದು ಹೇಗೆ? ಒಂದು ಕಡೆ ಸರಳು ಜಾಗ ತಿಂದಿರುತ್ತದೆ, ಅಲ್ಲಿ ಗ್ಯಾಸಿಗೆ ಒತ್ತಲು ಜಾಗ ಕಮ್ಮಿ. ಆ ವ್ಯತ್ಯಾಸದ ಬಲವೇ ಸರಳನ್ನು ಸದಾ ಹೊರಗೆ ನೂಕುತ್ತಿರುತ್ತದೆ. 10 ಮಿ.ಮೀ. ದಪ್ಪದ ಸರಳಿನಿಂದ 1,000 ನ್ಯೂಟನ್, ಅಂದರೆ ಸುಮಾರು 100 ಕೆ.ಜಿ. ತೂಕದಷ್ಟು ಬಲ ಬರಬೇಕಾದರೆ ಒಳಗೆ ಸುಮಾರು 127 ಬಾರ್ ಒತ್ತಡ ಬೇಕು. ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್. ಅದಕ್ಕಿಂತ 50 ಪಟ್ಟು ಜಾಸ್ತಿ ಒತ್ತಡವನ್ನು ತಡೆದು ನಿಂತಿರುವುದು ಸರಳಿನ ಸುತ್ತ ಇರುವ ಒಂದು ಪುಟ್ಟ ರಬ್ಬರ್ ಸೀಲು. ಅಗ್ಗದ ಪಂಪಿಗೂ ಒಳ್ಳೆಯ ಪಂಪಿಗೂ ಇರುವ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ಸೀಲಿನದು, ಮತ್ತೆ ಆ ಸರಳಿನ ನುಣುಪಿನದು. ಸರಳು ತರಿತರಿಯಾಗಿದ್ದರೆ ಪ್ರತಿ ಸಲ ಎತ್ತಿ ಇಳಿಸುವಾಗಲೂ ಸೀಲನ್ನು ಸವೆಸುತ್ತದೆ. ಗ್ಯಾಸ್ ಸದ್ದಿಲ್ಲದೆ ಸೋರುತ್ತದೆ.

ಈಗ ಲೆಕ್ಕ ಹಾಕಿ

ಪಂಪಿನ ಮೈಮೇಲೆ 800ಎನ್, 1000ಎನ್ ಎಂದು ಬರೆದಿರುತ್ತದೆ. ಎನ್ ಅಂದರೆ ನ್ಯೂಟನ್. ಕೊನೆಯ ಸೊನ್ನೆ ತೆಗೆದರೆ ಹೆಚ್ಚುಕಮ್ಮಿ ಕೆ.ಜಿ. ಲೆಕ್ಕ ಸಿಗುತ್ತದೆ. 1,000 ನ್ಯೂಟನ್ನಿನ ಎರಡು ಪಂಪು ಅಂದರೆ ಸುಮಾರು 200 ಕೆ.ಜಿ. ಬಲ. ಹಲಗೆ, ಹಾಸಿಗೆ ಎಲ್ಲ ಸೇರಿ 60 ಕೆ.ಜಿ. ಇರುವ ಮಂಚಕ್ಕೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು.

ಬಾಗಿಲನ್ನು ಕೀಲಿನ ಹತ್ತಿರ ತಳ್ಳಿ ನೋಡಿ, ಕಷ್ಟ. ಹಿಡಿಯ ಹತ್ತಿರ ತಳ್ಳಿದರೆ ಸಲೀಸು. ಪಂಪು ಪಾಪ ಕೀಲಿನ ಹತ್ತಿರವೇ ನಿಂತು ತಳ್ಳಬೇಕು. ಐದು ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚ ತಗೊಳ್ಳಿ. ಉದ್ದ 198 ಸೆ.ಮೀ. ಹಲಗೆಯ ಭಾರದ ನಡುಬಿಂದು ಕೀಲಿನಿಂದ 99 ಸೆ.ಮೀ. ದೂರ. 60 ಕೆ.ಜಿ.ಯನ್ನು 99ರಿಂದ ಗುಣಿಸಿದರೆ 5,940. ಹಲಗೆ ಕೆಳಗಿಳಿಯಲು ಎಳೆಯುವ ಜೋರು ಇದು. ಮಂಚ ಮುಚ್ಚಿದ್ದಾಗ ಪಂಪು ಹೆಚ್ಚುಕಮ್ಮಿ ಮಲಗಿರುತ್ತದೆ. ಆಗ ಅದರ ಬಲಕ್ಕೆ ಕೀಲಿನಿಂದ ಸಿಗುವ ದೂರ 15 ಸೆ.ಮೀ. ಎಂದಿಟ್ಟುಕೊಳ್ಳಿ. 200 ಗುಣಿಸು 15, ಬರೀ 3,000. ಉಳಿದ ಕೊರತೆಯನ್ನು ನೀವು ತುದಿಯಲ್ಲಿ ಹಿಡಿದು ಎತ್ತಿ ತುಂಬಬೇಕು, ಸುಮಾರು 15 ಕೆ.ಜಿ. ಇದೇ ಕೊರತೆಯಿಂದ ಮಂಚ ತಾನೇ ಬಾಯಿ ತೆರೆಯದೆ ಮುಚ್ಚಿಕೊಂಡಿರುತ್ತದೆ. ಬೇಕೆಂದೇ ಹಾಗೆ ಕೂರಿಸಿರುತ್ತಾರೆ.

ಹಲಗೆ 45 ಡಿಗ್ರಿಗೆ ಏರಿದಾಗ ಆಟ ಬದಲಾಗುತ್ತದೆ. ಭಾರದ ದೂರ 70 ಸೆ.ಮೀ.ಗೆ ಇಳಿಯುತ್ತದೆ, ಪಂಪು ಎದ್ದು ನಿಂತು ಅದರ ದೂರ 25ಕ್ಕೆ ಏರಿತು ಅನ್ನಿ. ಹಲಗೆ ಎಳೆಯುವುದು 4,200, ಪಂಪು ತಳ್ಳುವುದು 5,000. ಕೈ ಬಿಟ್ಟರೂ ಬೀಳುವುದಿಲ್ಲ.

ನಮ್ಮ ತಪ್ಪು ಇಲ್ಲಿತ್ತು. ಮಂಚದ ಜೊತೆ ಬಂದದ್ದು ಹಗುರ ಫೋಮ್ ಹಾಸಿಗೆ. ಅದು ಬೆನ್ನಿಗೆ ಆಗಲ್ಲ ಅಂತ ಊರಿಂದ ಹತ್ತಿ ಹಾಸಿಗೆ ತಂದು ಅದರ ಮೇಲೆ ಹಾಸಿದೆವು. 15 ಕೆ.ಜಿ. ಸೇರಿತು. ಈಗ 75 ಗುಣಿಸು 70, ಅಂದರೆ 5,250. ಪಂಪಿನದು ಅದೇ 5,000. ಹಲಗೆ ಇಳಿಯಲೇಬೇಕು. ಅದರ ಮೇಲೆ ಗ್ಯಾಸ್ ಬೇರೆ ಸೋರಿತ್ತು.

ಚಳಿಯಲ್ಲಿ ಪಂಪು ಸೋಮಾರಿಯಾಗುತ್ತದೆ ಎನ್ನುವ ಮಾತೂ ಇದೆ, ಅದು ನಿಜವೇ. ತಣ್ಣಗಾದರೆ ಗ್ಯಾಸಿನ ಒತ್ತಡ ಇಳಿಯುತ್ತದೆ, 10 ಡಿಗ್ರಿಗೆ ಸುಮಾರು ಶೇ 3ರಷ್ಟು. ಆದರೆ ನಮ್ಮೂರಿನ ಬೆಡ್‌ರೂಮಿನಲ್ಲಿ ಏಪ್ರಿಲ್‌ಗೂ ಜನವರಿಗೂ ಇರುವ ವ್ಯತ್ಯಾಸಕ್ಕೆ ಒಳ್ಳೆಯ ಪಂಪು ಕೈಕೊಡುವುದಿಲ್ಲ. ಜನವರಿಯಲ್ಲಿ ಹಲಗೆ ಬಿದ್ದರೆ ಪಂಪು ಮೊದಲೇ ಅಂಚಿನಲ್ಲಿತ್ತು ಎಂದೇ ಅರ್ಥ.

ಅಂಗಡಿಗೆ ಹೋದಾಗ

ಮನೆಯಿಂದ ಹೊರಡುವ ಮುಂಚೆ ನಿಮ್ಮ ಹಾಸಿಗೆಯ ತೂಕ ತಿಳಿದುಕೊಳ್ಳಿ. ಹಾಸಿಗೆ ಸುತ್ತಿ ಹಿಡಿದು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದರೆ ಆಯಿತು. ನೋಡಲು ಸ್ವಲ್ಪ ತಮಾಷೆ. ಹಲಗೆಗೆ ಅಂದಾಜು ಸಾಕು: ಐದಕ್ಕೆ ಆರೂವರೆ ಅಡಿಯ 12 ಮಿ.ಮೀ. ಪ್ಲೈವುಡ್ ಸುಮಾರು 23 ಕೆ.ಜಿ., 18 ಮಿ.ಮೀ. ಆದರೆ 35ರ ಹತ್ತಿರ.

ಅಂಗಡಿಯವರು ಮೊದಲು ತಲೆದಿಂಬಿನ ಕಡೆಯ ಮೆತ್ತೆ, ಬಟ್ಟೆಯ ಬಣ್ಣ ತೋರಿಸುತ್ತಾರೆ. ನೋಡಿ, ಬೇಡ ಅನ್ನಲ್ಲ. ಆದರೆ ಆಮೇಲೆ ಮಂಚ ತೆರೆಸಿ ಬಗ್ಗಿ ನೋಡಿ. ಹಾಸಿಗೆ ಇಲ್ಲದೆ ಎತ್ತಿ ತೋರಿಸಿದರೆ ಒಪ್ಪಬೇಡಿ. ನಿಮ್ಮ ಹಾಸಿಗೆಯಷ್ಟೇ ಭಾರದ್ದು ಹಾಕಿಸಿ, ಅರ್ಧಕ್ಕೆ ಎತ್ತಿ, ಹಿಡಿಯಲು ತಯಾರಾಗಿದ್ದು ಕೈ ಸಡಿಲಿಸಿ. ಅಲ್ಲೇ ನಿಂತರೆ ಅಥವಾ ಮೆಲ್ಲಗೆ ಏರಿದರೆ ಸರಿ. ಇಳಿದರೆ ಬೇಡ. ಅತಿ ಜೋರಿನ ಪಂಪೂ ತಲೆನೋವೇ. ಮುಚ್ಚಲು ಮೇಲೆ ಕೂರಬೇಕಾಗುತ್ತದೆ, ದಿನವೂ ಅದು ಹಲಗೆಯನ್ನು ಬಗ್ಗಿಸುತ್ತಲೇ ಇರುತ್ತದೆ. ‘1500ಎನ್ ಹಾಕಿದ್ದೀವಿ, ಸೂಪರ್ ಸ್ಟ್ರಾಂಗ್’ ಎನ್ನುವ ಮಾತಿಗೆ ಮರುಳಾಗಬೇಡಿ. ತೂಕಕ್ಕೆ ಹೊಂದಬೇಕು, ಅಷ್ಟೆ.

ನಂತರ ಒಂದು ಮೂಲೆ ಮಾತ್ರ ಹಿಡಿದು ಎತ್ತಿ. ಹಲಗೆ ತಿರುಚಿಕೊಂಡರೆ ಒಂದು ಪಂಪು ಸೋತಿದೆ ಅಥವಾ ಕಬ್ಬಿಣದ ತೋಳು ತೆಳುವಾಗಿದೆ. ತೋಳುಗಳು ಸೇರುವ ಕೀಲನ್ನು ಪಕ್ಕಕ್ಕೆ ಅಲುಗಿಸಿ. ಕಿರ್ ಅಂದರೆ, ಲಟಪಟ ಆಡಿದರೆ, ಹೊಸದರಲ್ಲೇ ಹೀಗೆ ಅಂದರೆ ಮುಂದೆ ಹೇಗೆ?

ಪಂಪನ್ನು ಕೂರಿಸಿದ ಸ್ಕ್ರೂ ಎಲ್ಲಿಗೆ ಇಳಿದಿದೆ ನೋಡುವುದನ್ನಂತೂ ಬಿಡಬೇಡಿ. ನನ್ನ ಪ್ರಕಾರ ಇದು ಪಂಪಿಗಿಂತ ಮುಖ್ಯ. 100 ಕೆ.ಜಿ. ಬಲ ಹಗಲೂ ರಾತ್ರಿ ನಾಲ್ಕಾರು ಸ್ಕ್ರೂ ಮೇಲೆ ಕೂತಿರುತ್ತದೆ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಪುಡಿ, ಅಂಟು ಸೇರಿಸಿ ಒತ್ತಿದ್ದು. ಅದರಲ್ಲಿ ಸ್ಕ್ರೂ ಒಮ್ಮೆ ಸಡಿಲವಾದರೆ ಮತ್ತೆ ಹಿಡಿಯುವುದಿಲ್ಲ. ಪ್ಲೈವುಡ್‌ನಲ್ಲಿ ಆರಪಾರ ಬೋಲ್ಟು, ಅದರ ಹಿಂದೆ ಅಗಲ ವಾಷರ್ ಇದ್ದರೆ ನೆಮ್ಮದಿ. ಇಂಥ ಮಂಚವನ್ನು ಕಾರ್ಪೆಂಟರ್ ಹತ್ತಿರ ಮಾಡಿಸುವವರು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಪ್ಲೈವುಡ್, ಎಸ್.ಜೆ.ಪಿ. ರಸ್ತೆಯ ಕಡೆ ಹಾರ್ಡ್‌ವೇರ್ ಹುಡುಕಬಹುದು. ಬಿಲ್ಲಿನಲ್ಲಿ ಪಂಪಿನ ನಂಬರ್, ಅದರ ವಾರಂಟಿ ಎರಡನ್ನೂ ಬರೆಸಿಕೊಳ್ಳಿ. ನಾನು ಬರೆಸಿಕೊಂಡಿರಲಿಲ್ಲ.

ಸುಮ್ನೆ ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. 2024ರ ಜೂನ್‌ನಲ್ಲಿ ಇಂಗ್ಲೆಂಡಿನ ಡರ್ಹ್ಯಾಮ್ ಕೌಂಟಿಯಲ್ಲಿ ಇಂಥ ಮಂಚದ ಹಲಗೆ ಕುಸಿದು, ಅದರಡಿ ಕತ್ತು ಸಿಕ್ಕಿಕೊಂಡು ಮಹಿಳೆಯೊಬ್ಬರು ತೀರಿಕೊಂಡರು. ಪಂಪು ಕೆಟ್ಟಿತ್ತು. ಹಲಗೆ ಒಮ್ಮೆ ಇಳಿಯಲು ಶುರುವಾಯಿತು ಅಂದರೆ ಅದರ ಕೆಳಗೆ ತಲೆ ಹಾಕುವುದನ್ನು ಆ ದಿನವೇ ನಿಲ್ಲಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಾಮುಚ್ಚಾಲೆಗೆ ಅವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಾಣುವುದಿಲ್ಲ.

ಪಂಪು ಬದಲಿಸುವ ಕೆಲಸ

ಸರಳಿನ ಮೇಲೆ ಎಣ್ಣೆ ಮೆತ್ತಿದ ಧೂಳು ಕಂಡರೆ ಸೀಲು ಹೋಗಿದೆ. ಅದಕ್ಕೆ ರಿಪೇರಿ ಇಲ್ಲ, ಬದಲಿಸಬೇಕು. ಒಂದು ಕೆಟ್ಟರೂ ಜೋಡಿಯಾಗಿಯೇ ಬದಲಿಸಿ. ಹೊಸದೊಂದು, ಹಳೆಯದೊಂದು ಆದರೆ ಹಲಗೆ ಓರೆಯಾಗಿ ಎಳೆಯುತ್ತದೆ.

ಮೊದಲು ಹಾಸಿಗೆ ಇಳಿಸಿ. ಹಲಗೆಯನ್ನು ಪೂರ್ತಿ ಎತ್ತಿ, ಎರಡೂ ಬದಿಗೆ ಗಟ್ಟಿ ಮರದ ತುಂಡು ನಿಲ್ಲಿಸಿ. ನಮ್ಮ ಹಾಗೆ ನೆಲ ಒರೆಸುವ ಕೋಲು ಬೇಡ. ಹಳೆಯ ಪಂಪಿನ ಮೇಲಿರುವ ನಂಬರಿನ ಫೋಟೋ ತೆಗೆದುಕೊಳ್ಳಿ. ಪೂರ್ತಿ ಚಾಚಿದಾಗ ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ ಎಷ್ಟು ಉದ್ದ, ಸರಳು ಎಷ್ಟು ಹೊರಗೆ ಬರುತ್ತದೆ, ತುದಿಯಲ್ಲಿ ತೂತಿದೆಯೋ ಗುಂಡಿನ ಜೋಡಣೆ (ಬಾಲ್ ಜಾಯಿಂಟ್) ಇದೆಯೋ ಬರೆದುಕೊಳ್ಳಿ. ಉದ್ದ ಒಂದು ಇಂಚು ತಪ್ಪಿದರೂ ಮಂಚ ಸರಿಯಾಗಿ ಮುಚ್ಚದೆ ಅಥವಾ ಪೂರ್ತಿ ತೆರೆಯದೆ ಹೋಗಬಹುದು. ಹಾಸಿಗೆ ಬದಲಾಗಿದ್ದರೆ ಹಳೆಯ ನ್ಯೂಟನ್ ನಂಬರನ್ನೇ ಕುರುಡಾಗಿ ಕೇಳಬೇಡಿ. ನಮಗೆ ಬೇಕಾದದ್ದು 1200ಎನ್.

ಒಂದು ಬದಿ ಬಿಚ್ಚಿ, ಹೊಸದು ಹಾಕಿ, ಆಮೇಲೆ ಇನ್ನೊಂದು ಬದಿಗೆ ಹೋಗಿ. ಸರಳಿನ ತುದಿ ಕೆಳಮುಖವಾಗಿ ಇರಲಿ, ಒಳಗಿನ ಎಣ್ಣೆ ಸೀಲಿನ ಮೇಲೆ ನಿಲ್ಲುತ್ತದೆ. ಸರಳನ್ನು ಇಕ್ಕಳದಲ್ಲಿ ಹಿಡಿಯಬೇಡಿ. ಒಂದು ಗೀರು ಬಿದ್ದರೂ ಹೊಸ ಸೀಲಿನ ಆಯುಸ್ಸು ಮುಗಿಯಿತು. ಪೇಂಟ್ ಮಾಡುವವರು ಮನೆಗೆ ಬಂದಾಗಲೂ ಅದರ ಮೇಲೆ ಹನಿ ಬೀಳದಂತೆ ನೋಡಿಕೊಳ್ಳಿ.

ಹಾಸಿಗೆ ಮತ್ತೆ ಹಾಕುವ ತನಕ ಹಲಗೆ ಮುಚ್ಚಲು ಹೋಗಬೇಡಿ, ಭಾರವಿಲ್ಲದೆ ಅದು ಮೇಲಕ್ಕೆ ಚಿಮ್ಮುತ್ತದೆ.

ತೆಗೆದ ಹಳೆಯ ಪಂಪಿನಲ್ಲಿ ಇನ್ನೂ ಒತ್ತಡ ಇರಬಹುದು. ಕೊರೆಯಬಾರದು, ಕತ್ತರಿಸಬಾರದು, ಬೆಂಕಿಗೆ ಹಾಕಬಾರದು. ನಮ್ಮ ಬೀದಿಗೆ ಬರುವ ಗುಜರಿಯವರಿಗೆ ಕೊಡುವಾಗ ‘ಒಳಗೆ ಗ್ಯಾಸ್ ಇದೆ’ ಎಂದು ಹೇಳಿಯೇ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ‘ಗೊತ್ತು ಸಾರ್, ಮಂಚದ್ದು’ ಎಂದು ಚೀಲಕ್ಕೆ ಹಾಕಿಕೊಂಡರು.